ಗಾಜಿನಲ್ಲಿ ಏರಿದ ನೀರು

ಹಬೆಯ ಹತ್ತಿರ ಕೆಲಸ ಮಾಡುವವನಿಗೆ ಮೊದಲ ದಿನ ಕಲಿಸುವ ಪಾಠ ಒಂದೇ. ಬೇರೆ ಏನನ್ನು ನೋಡುವ ಮೊದಲೂ ಒಳಗೆ ನೀರೆಷ್ಟಿದೆ ನೋಡು. ಬಾಯ್ಲರಿನ ಒಳಗನ್ನು ಕಣ್ಣಿನಿಂದ ಕಾಣಲಾಗದು. ಅದಕ್ಕೆಂದೇ ಹೊರಗೊಂದು ದಪ್ಪ ಗಾಜಿನ ನಳಿಗೆ ಇರುತ್ತದೆ. ಅದರ ಮೇಲಿನ ತುದಿ ಬಾಯ್ಲರಿನ ಹಬೆಗೆ, ಕೆಳಗಿನ ತುದಿ ನೀರಿಗೆ ಕೂಡಿಕೊಂಡಿರುತ್ತವೆ. ಒಳಗೆ ನೀರು ಎಷ್ಟು ಎತ್ತರ ಇದೆಯೋ ಗಾಜಿನಲ್ಲೂ ಅಷ್ಟೇ ಎತ್ತರ. ನಾನು ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಪಾಸು ಮಾಡಿ ಹನ್ನೊಂದು ವರ್ಷ ಆ ಗಾಜನ್ನು ನಂಬಿಕೊಂಡೇ ಬದುಕಿದ್ದೆ.

ತೊಂಬತ್ತರ ದಶಕದ ನಡುವಿನ ಮಾತಿದು. ಪಾಂಡವಪುರದಿಂದ ಕೆ.ಆರ್.ಪೇಟೆ ಕಡೆಗೆ ಹೋಗುವಾಗ ಬಲಗಡೆಗೆ ಸಿಗುತ್ತಿದ್ದ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಕೆಲಸ. ಸಿಂಧಘಟ್ಟದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕಾರ್ಖಾನೆ ಸಣ್ಣದು. ದೊಡ್ಡ ಕಾರ್ಖಾನೆಯವರು ನಮ್ಮದನ್ನು ‘ಆಲೆಮನೆಗೆ ಚಿಮಣಿ ಇಟ್ಟವ್ರೆ’ ಎಂದು ಆಡಿಕೊಳ್ಳುತ್ತಿದ್ದರು. ಅದರ ಹಿಂಭಾಗದ ತಗಡಿನ ಶೆಡ್ಡಿನಲ್ಲಿ ಒಂದು ಪುಟ್ಟ ಉಗಿಬಂಡಿಯ ಎಂಜಿನ್ನು ನಿಂತಿತ್ತು.

ಅದು ಕಬ್ಬಿಗಾಗಿ ಹುಟ್ಟಿದ ಎಂಜಿನ್ನಲ್ಲ. ತೆಲುಗು ಸೀಮೆಯ ಯಾವುದೋ ಕಲ್ಲಿದ್ದಲ ಗಣಿಯಲ್ಲಿ ದುಡಿದು ಹರಾಜಿಗೆ ಬಂದದ್ದನ್ನು ಕಾರ್ಖಾನೆಯ ಹಿಂದಿನ ಯಜಮಾನರು ಕೊಂಡು ತಂದಿದ್ದರು. ತೂಕದ ಮನೆಯಿಂದ ಗಾಣದವರೆಗೆ ಕಬ್ಬಿನ ಟ್ರಾಲಿಗಳನ್ನು ಎಳೆಯುವುದು ಇಲ್ಲಿ ಅದರ ಕೆಲಸವಾಯಿತು. ಗಣಿಯ ತಗ್ಗು ಚಾವಣಿಗೆ ತಾಕದಿರಲೆಂದು ಅದರ ಚಿಮಣಿಯನ್ನು ಗಿಡ್ಡ ಮಾಡಿದ್ದರು. ಎತ್ತಿನ ಮೇಲೆ ಎರಡೂ ಕಡೆ ಇಳಿಬಿಟ್ಟ ಗೋಣಿಚೀಲದ ಹಾಗೆ ಬಾಯ್ಲರಿನ ಬೆನ್ನಿನ ಮೇಲೆ ನೀರಿನ ತೊಟ್ಟಿ ಕೂತಿತ್ತು. ಟ್ರಾಕ್ಟರುಗಳು ಬಂದ ಮೇಲೆ ಎಂಜಿನ್ನಿಗೆ ಕೆಲಸ ಇಲ್ಲವಾಯಿತು. ಕಂಬಿಯನ್ನೂ ಹೆಚ್ಚು ಕಮ್ಮಿ ಕಿತ್ತು ಹಾಕಿದರು. ಶೆಡ್ಡಿನಿಂದ ತೂಕದ ಮನೆಯವರೆಗಿನ ಒಂದು ತುಂಡು ಮಾತ್ರ ಉಳಿದಿತ್ತು.

ಆ ವರ್ಷ ಈಗಿನ ಯಜಮಾನರು ಎಂಜಿನ್ನನ್ನು ಗುಜರಿಗೆ ಕೊಡಲು ತೀರ್ಮಾನಿಸಿದರು. ಅದನ್ನು ಕೇಳಿ ನಮ್ಮ ಫಿಟ್ಟರ್ ಮೇಸ್ತ್ರಿ ಊಟ ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಅವರು ಶ್ರೀರಂಗಪಟ್ಟಣದ ಗಂಜಾಮಿನ ಕಡೆಯವರು, ನಾವೆಲ್ಲ ‘ಸಾಬ್ರೇ’ ಎಂದೇ ಕರೆಯುತ್ತಿದ್ದೆವು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಪಾಂಡವಪುರ ಸ್ಟೇಷನ್ನಿಗೆ ಬಂದಿಳಿದು, ಅಲ್ಲಿ ಇಟ್ಟಿರುತ್ತಿದ್ದ ಸೈಕಲ್ಲು ಹತ್ತಿ ಕಾರ್ಖಾನೆಗೆ ಬರುತ್ತಿದ್ದರು. ಅವರು ಕೆಲಸಕ್ಕೆ ಸೇರಿದ್ದೇ ಈ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕುವವರಾಗಿ. ಮುಂದಿನ ವರ್ಷ ಅವರ ನಿವೃತ್ತಿ.

ಮೇಸ್ತ್ರಿ ಯಜಮಾನರ ಮುಂದೆ ನಿಂತು ಕೇಳಿದ್ದು ಇಷ್ಟೇ: “ಸಾರ್, ಅದು ಸತ್ತಿಲ್ಲ. ಸತ್ತಿಲ್ದೇ ಇರೋದನ್ನ ನನ್ ಕಣ್ಮುಂದೆ ಕುಯ್ಯೋದು ಬ್ಯಾಡ.”

ಯಜಮಾನರು ಕೆಟ್ಟವರಲ್ಲ. ಮೈಸೂರಿನಲ್ಲಿ ಓದಿದವರು, ಮಾತಿಗೆ ಮಾತು ಬೆಳೆಸುತ್ತಿರಲಿಲ್ಲ. “ಸತ್ತಿಲ್ಲ ಅಂದ್ರೆ ಓಡಿಸಿ ತೋರಿಸಿ ಮೇಸ್ತ್ರಿ. ಆಯುಧಪೂಜೆ ದಿನ ಶೆಡ್ಡಿಂದ ತೂಕದ ಮನೆವರೆಗೆ ತಾನಾಗೇ ಬರ್ಲಿ. ಬಂದ್ರೆ ಗೇಟಿನ ಹತ್ರ ಕಟ್ಟೆ ಕಟ್ಟಿಸಿ ನಿಲ್ಲಿಸ್ತೀನಿ. ಬರದೆ ಇದ್ರೆ ಸೋಮವಾರ ಗುಜರಿಯವರು ಗ್ಯಾಸ್ ಕಟ್ಟರ್ ತರ್ತಾರೆ,” ಎಂದರು.

ಮೂರು ತಿಂಗಳ ಭಾನುವಾರಗಳು ಅದಕ್ಕೆ ಹೋದವು. ಕೆಲಸಕ್ಕೆ ನಿಂತವರು ಮೂವರು. ಮೇಸ್ತ್ರಿ, ನಾನು, ಮತ್ತೊಬ್ಬ ಟ್ರಾಕ್ಟರ್ ಡ್ರೈವರು. ಡ್ರೈವರು ನಾಗಮಂಗಲದ ಕಡೆಯ ಒಕ್ಕಲಿನ ಮನೆಯವನು, ಸ್ವಂತ ಟ್ರಾಕ್ಟರಿನಲ್ಲಿ ಕಬ್ಬು ಹೊಡೆಯುತ್ತಿದ್ದ. ಕಬ್ಬು ಅರೆಯುವ ಕಾಲದಲ್ಲಿ ತೂಕಕ್ಕೆ ಸಾಲಿನಲ್ಲಿ ನಿಂತು ಬೇಜಾರಾದಾಗಲೆಲ್ಲ ಶೆಡ್ಡಿಗೆ ಬಂದು ಸ್ಪ್ಯಾನರು ಹಿಡಿಯುತ್ತಿದ್ದ. ಅವನಂಥವರ ಟ್ರಾಕ್ಟರುಗಳೇ ಎಂಜಿನ್ನಿನ ಕೆಲಸ ಕಿತ್ತುಕೊಂಡವು ಎಂದು ಮೇಸ್ತ್ರಿ ರೇಗಿಸಿದರೆ, “ಅದ್ಕೇ ಸಾಬ್ರೇ ಪಾಪ ಕಳ್ಕೊಳ್ತಾ ಇವ್ನಿ,” ಎನ್ನುತ್ತಿದ್ದ.

ಬಾಯ್ಲರಿಗೆ ಹೊದಿಸಿದ್ದ ತಗಡು ಬಿಚ್ಚಿದಾಗ ಒಳಗಿಂದ ಎರಡು ಬಾಂಡಲಿ ಕಲ್ಲಿದ್ದಲ ಪುಡಿ ಸುರಿಯಿತು. ಗಣಿಯದು. ಅದರ ಮೇಲೆ ನಮ್ಮ ಕಬ್ಬಿನ ಸಿಪ್ಪೆಯ ಧೂಳು ಬೇರೆ ಪದರವಾಗಿ ಕೂತಿತ್ತು. ತೂತಾಗಿದ್ದ ಹೊಗೆ ಕೊಳವೆಗಳನ್ನು ತೆಗೆದು ಬೇರೆ ಹಾಕಿದೆವು. ಸರ್ಕಾರದ ಬಾಯ್ಲರ್ ಇನ್‌ಸ್ಪೆಕ್ಟರು ಬಂದು, ತಣ್ಣೀರು ತುಂಬಿಸಿ ಕೈಪಂಪಿನಿಂದ ಒತ್ತಡ ಏರಿಸಿ ನೋಡಿ, ಹಳೆಯ ಒತ್ತಡದ ಅರ್ಧಕ್ಕೆ ಮಾತ್ರ ಒಪ್ಪಿಗೆ ಕೊಟ್ಟರು. ಬೆಂಕಿ ಇರುವಷ್ಟು ಹೊತ್ತು ಜವಾಬ್ದಾರಿ ಯಾರದು ಎಂಬಲ್ಲಿ ನನ್ನ ಹೆಸರು ಬರೆದರು. ಮೊದಲು ಎರಡು ಗಾಜುಗಳಿದ್ದ ಎಂಜಿನ್ನು ಅದು. ಒಂದರ ಜಾಗವನ್ನು ಯಾರೋ ಹಿಂದೆಯೇ ಬಿರಡೆ ಹಾಕಿ ಮುಚ್ಚಿದ್ದರು. ಇನ್ನೊಂದಕ್ಕೆ ಮೈಸೂರಿನಿಂದ ಹೊಸ ನಳಿಗೆ ತಂದು ಹಾಕಿದೆ. ಮುಚ್ಚಿದ್ದ ಆ ಜಾಗವನ್ನೂ ಬಿಚ್ಚಿಸಬೇಕಿತ್ತು. ಬಿಚ್ಚಿಸಲಿಲ್ಲ. ಇದನ್ನು ಇಲ್ಲಿ ಬರೆದೇ ಮುಂದೆ ಹೋಗಬೇಕು.

ಹಬ್ಬದ ಹಿಂದಿನ ದಿನ ಒಂದೇ ತೊಂದರೆ ಉಳಿದಿತ್ತು. ಬೆನ್ನಿನ ಮೇಲಿನ ನೀರಿನ ತೊಟ್ಟಿಯ ತಗಡುಗಳು ಕೂಡುವ ಒಂದು ಹೊಲಿಗೆ ಸೋರುತ್ತಿತ್ತು. ಹನಿ ಹನಿಯಾಗಿ ಬಿಸಿ ಬಾಯ್ಲರಿನ ಮೇಲೆ ಬೀಳುವಷ್ಟು. “ಸೋರ್ಲಿ ಬುಡಿ, ಒಂದು ಫರ್ಲಾಂಗಿಗೆ ಎಷ್ಟ್ ಸೋರ್ತದೆ,” ಎಂದರು ಮೇಸ್ತ್ರಿ. ನಾನೂ ಹೂಂ ಅಂದೆ.

ಹಬ್ಬದ ದಿನ ಬೆಳಗಿನ ಐದಕ್ಕೆ ಮೇಸ್ತ್ರಿ ಸೌದೆಗೆ ಬೆಂಕಿ ಕೊಟ್ಟರು. ಏಳೂವರೆಗೆ ಒತ್ತಡದ ಮುಳ್ಳು ಮೊದಲ ಸಲ ಅಲುಗಿತು. ಎಂಟೂಕಾಲಿಗೆ ನಾನು ಗಾಜನ್ನು ಪರೀಕ್ಷಿಸಿದೆ. ಕೆಳಗಿನ ಸಣ್ಣ ನಲ್ಲಿ ಬಿಟ್ಟರೆ ಗಾಜಿನ ನೀರೆಲ್ಲ ಹೊರಗೆ ಹೋಗಬೇಕು, ನಲ್ಲಿ ಕಟ್ಟಿದೊಡನೆ ಚಂಗನೆ ಮೊದಲಿನಷ್ಟೇ ಎತ್ತರಕ್ಕೆ ಏರಬೇಕು. ಹೋಯಿತು, ಏರಿತು. ನೀರು ನಿಂತ ಜಾಗಕ್ಕೆ ಸರಿಯಾಗಿ ಪಕ್ಕದ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ.

ಒಂಬತ್ತಕ್ಕೆ ಮೇಸ್ತ್ರಿ ಇಂಜೆಕ್ಟರು ನೋಡಿದರು. ತೊಟ್ಟಿಯ ನೀರನ್ನು ಹಬೆಯ ಬಲದಿಂದಲೇ ಬಾಯ್ಲರಿನೊಳಕ್ಕೆ ನೂಕುವ ಸಾಧನ ಅದು. ಎರಡು ಮೂರು ನಿಮಿಷ ಚೆನ್ನಾಗಿ ನೂಕಿ, ಆಮೇಲೆ ಕೆಮ್ಮಿ ನಿಂತಿತು. ಮತ್ತೆ ಬಿಟ್ಟರು, ಮತ್ತೆ ಕೆಮ್ಮಿತು. “ಜಾಲರಿಗೆ ಕಸ ಸಿಕ್ಕೈತೆ. ಪೂಜೆ ಆಗ್ಲಿ, ಬಿಚ್ಚಾವ. ನೀರು ಬೇಕಾದಷ್ಟೈತಲ್ಲ?” ಎಂದರು. ಗಾಜು ನೋಡಿದೆ. ಇತ್ತು.

ಆ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಎಂಜಿನ್ನಿನ ಸುತ್ತ ಜನವೇ ಜನ. ಕಬ್ಬು ಇಳಿಸುವವರು, ಅವರ ಮನೆಯವರು, ತೊಣ್ಣೂರಿನಿಂದ ಎತ್ತಿನ ಗಾಡಿಗಳಲ್ಲಿ ಬಂದವರು. ಚಿಮಣಿಗೆ ಚೆಂಡು ಹೂವಿನ ಹಾರ, ಮುಂದಿನ ತಗಡಿಗೆ ವಿಭೂತಿ, ಚಕ್ರಗಳ ಕೆಳಗೆ ನಿಂಬೆಹಣ್ಣು. ಡ್ರೈವರು ಹೊಸ ಅಂಗಿ ತೊಟ್ಟು ಸೀಟಿಯ ಸರಪಳಿ ಹಿಡಿದು ನಿಂತಿದ್ದ. ಯಾರು ಕೇಳಿದರೂ ಕೂಗಿಸುವನು. ಮೇಸ್ತ್ರಿ ಚಕ್ರ ತಿರುಗಿಸುವ ಸಿಲಿಂಡರು ಕಾಯಿಸಲೆಂದು ಹಬೆ ಬಿಟ್ಟು, ಎಂಜಿನ್ನನ್ನು ಒಂದು ಮಾರು ಮುಂದಕ್ಕೆ, ಒಂದು ಮಾರು ಹಿಂದಕ್ಕೆ ಆಡಿಸಿದರು. ಜನ ಕೂಗಿದರು. ಸುರಕ್ಷತೆಯ ವಾಲ್ವು ಎರಡು ಸಲ ಎದ್ದು ಬುಸುಗುಟ್ಟಿತು. ಇದೆಲ್ಲ ಹಬೆ. ಹಬೆಯೆಂದರೆ ಬಾಯ್ಲರಿನಿಂದ ಹೊರಗೆ ಹೋದ ನೀರು.

ಹತ್ತು ಇಪ್ಪತ್ತಕ್ಕೆ ನಾನು ಮತ್ತೆ ಗಾಜಿನ ಮುಂದೆ ಬಂದೆ. ನೀರು ನನ್ನ ಸುಣ್ಣದ ಗೆರೆಗಿಂತ ಒಂದು ಬೆರಳು ಮೇಲಿತ್ತು.

ಮೊದಲು ಸಮಾಧಾನವೇ ಆಯಿತು. ಆಮೇಲೆ ಲೆಕ್ಕ ಹಾಕಿದೆ. ಒಂಬತ್ತಕ್ಕೆ ಕೆಮ್ಮಿ ನಿಂತ ಮೇಲೆ ಇಂಜೆಕ್ಟರು ಕೆಲಸ ಮಾಡಿಲ್ಲ, ಆಗ ನೀರು ಗೆರೆಯ ಮಟ್ಟದಲ್ಲೇ ಇತ್ತು. ಒಳಗೆ ಒಂದು ಹನಿ ನೀರು ಹೋಗಿಲ್ಲ. ಹೊರಗೆ ಹೋದದ್ದು ಮಾತ್ರ. ಇಳಿಯಬೇಕಾದ ನೀರು ಏರುವುದು ಹೇಗೆ? ಗಾಜಿನ ಹತ್ತಿರ ಮುಖ ಒಯ್ದೆ. ಬೆಂಕಿ ಉರಿಯುವ ಬಾಯ್ಲರಿನ ಗಾಜಿನಲ್ಲಿ ನೀರು ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ನವಿರಾಗಿ ನಡುಗುತ್ತಲೇ ಇರುತ್ತದೆ. ಈ ನೀರು ಬಾಟಲಿಯೊಳಗಿನ ನೀರಿನಂತೆ ನಿಂತಿತ್ತು.

ನಲ್ಲಿ ಬಿಟ್ಟೆ. ನೀರು ಹೋಯಿತು, ಹಿಂದೆಯೇ ಹಬೆ ಚೀರಿತು. ನಲ್ಲಿ ಕಟ್ಟಿದೆ. ಗಾಜು ಖಾಲಿ. ಎಣಿಸುತ್ತಾ ನಿಂತೆ. ಇಪ್ಪತ್ತರವರೆಗೂ ಎಣಿಸಿದೆ. ನೀರು ಬರಲಿಲ್ಲ. ಕೆಳಗಿನ ದಾರಿ ಕಟ್ಟಿಕೊಂಡಿತ್ತು. ಮೇಲಿನಿಂದ ಬಂದ ಹಬೆ ಗಾಜಿನಲ್ಲೇ ತಣಿದು ನೀರಾಗಿ, ಇಳಿಯಲು ದಾರಿಯಿಲ್ಲದೆ ಹನಿಹನಿಯಾಗಿ ತುಂಬುತ್ತಿತ್ತು. ನಾವು ನೋಡುತ್ತಿದ್ದುದು ಬಾಯ್ಲರಿನ ನೀರೇ ಅಲ್ಲ. ಬಾಯ್ಲರಿನಲ್ಲಿ ಎಷ್ಟಿದೆಯೋ ಯಾರಿಗೂ ಗೊತ್ತಿರಲಿಲ್ಲ.

“ಸಾಬ್ರೇ, ಇಲ್ ಬನ್ನಿ,” ಎಂದೆ. ದನಿ ತಗ್ಗಿಸಿಯೇ ಕರೆದೆ. ಅವರು ಖಾಲಿ ಗಾಜು ನೋಡಿದರು. ಮತ್ತೊಮ್ಮೆ ತಾವೇ ನಲ್ಲಿ ಬಿಟ್ಟರು. ಈ ಸಲ ಹಬೆಯ ಜೊತೆ ಕಂದು ಬಣ್ಣದ ಗಟ್ಟಿ ಏನೋ ಸಿಡಿದು ಅವರ ಕೈಯಲ್ಲಿದ್ದ ಬಟ್ಟೆಯ ಮೇಲೆ ಬಿತ್ತು. ಬೆರಳಲ್ಲಿ ತೆಗೆದು ಮೂಸಿದರು. ನನ್ನ ಮೂಗಿಗೂ ಹಿಡಿದರು. ನಾನು ದಿನಾ ಬೆಳಿಗ್ಗೆ ತಿಂದು ಬರುವ ವಾಸನೆ. ಬೆಂದ ರಾಗಿ.

“ಏಯ್, ಇಳಿ ಕೆಳೀಕೆ!” ಎಂದರು ಡ್ರೈವರಿಗೆ. “ತೊಟ್ಟಿಗೇನ್ ಹಾಕ್ದೆಲಾ?”

“ರಾಗಿ ಹಿಟ್ಟು ಸಾಬ್ರೇ. ನಿನ್ನೆ ಸಂಜೆ, ನೀವು ಟೀಗೆ ಓದಾಗ. ಎರಡು ಸೇರು.” ಅವನ ಮುಖದಲ್ಲಿ ಇನ್ನೂ ಹಬ್ಬವಿತ್ತು. “ನೋಡಿ, ಒಂದು ಹನಿ ಸೋರ್ತಾ ಇಲ್ಲ.”

ಸೋರುತ್ತಿರಲಿಲ್ಲ, ನಿಜ. ಅವನನ್ನು ಬೈಯಲು ನನಗೆ ಆಗಲೂ ಬಾಯಿ ಬರಲಿಲ್ಲ. ನಮ್ಮ ಕಡೆ ರೇಡಿಯೇಟರು ಸೋರಿದರೆ ಯಾವ ಡ್ರೈವರೂ ಮಾಡುವುದು ಅದನ್ನೇ. ಒಂದು ಹಿಡಿ ರಾಗಿ ಹಿಟ್ಟು ಹಾಕಿದರೆ ಬಿಸಿಗೆ ಬೆಂದು ತೂತಿಗೆ ಮೆತ್ತಿಕೊಳ್ಳುತ್ತದೆ, ಮುಂದಿನ ಊರಿನವರೆಗೆ ಗಾಡಿ ಓಡುತ್ತದೆ. ಯಾರನ್ನೂ ಕೇಳಿ ಮಾಡುವ ಕೆಲಸವಲ್ಲ ಅದು, ಸಾರಿಗೆ ಉಪ್ಪು ಹಾಕಿದ ಹಾಗೆ. ಆದರೆ ತೊಟ್ಟಿಯ ನೀರು ಬಾಯ್ಲರಿಗೆ ಹೋಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮೊದಲು ಇಂಜೆಕ್ಟರಿನ ಜಾಲರಿ ಕಟ್ಟಿತ್ತು, ಆಮೇಲೆ ಗಾಜಿನ ದಾರಿ.

ಮೇಸ್ತ್ರಿ ತೂಕದ ಮನೆಯ ಕಡೆ ನೋಡಿದರು. ಅಲ್ಲಿ ಯಜಮಾನರ ಜೀಪು ಆಗಲೇ ಬಂದು ನಿಂತಿತ್ತು. ಪುರೋಹಿತರು ಬೂದುಗುಂಬಳಕಾಯಿ ಹಿಡಿದಿದ್ದರು. ಒಂದು ಫರ್ಲಾಂಗು.

“ಐದು ನಿಮಿಷ,” ಎಂದರು ಮೇಸ್ತ್ರಿ. “ಐದೇ ನಿಮಿಷ ಕಣಪ್ಪಾ. ಅಲ್ಲಿಗೋಗಿ ನಿಲ್ಲಿಸಿ ಬೆಂಕಿ ಆರಿಸ್ಬುಡ್ತೀನಿ.”

“ಇಳಿಜಾರು ಸಾಬ್ರೇ,” ಎಂದೆ.

ಅಷ್ಟು ಹೇಳಿದರೆ ಅವರಿಗೆ ಸಾಕಿತ್ತು. ಓದುವವರಿಗೆ ಬಿಡಿಸಿ ಹೇಳಬೇಕು. ಎಂಜಿನ್ನಿನ ಹಿಂಭಾಗದಲ್ಲಿ ಬೆಂಕಿಗೂಡು. ಅದರ ತಲೆಯ ಮೇಲಿನ ತಗಡನ್ನು ಬಾಯ್ಲರಿನ ನೀರು ಸದಾ ಮುಚ್ಚಿರಬೇಕು. ನೀರು ಸರಿದು ತಗಡು ಬರಿದಾದರೆ ಅದು ಕೆಂಪಗೆ ಕಾದು ಮೆತ್ತಗಾಗಿ, ಒತ್ತಡಕ್ಕೆ ಒಳಕ್ಕೆ ಕುಸಿಯುತ್ತದೆ. ಆಗ ಇಡೀ ಬಾಯ್ಲರಿನ ಹಬೆ ಬೆಂಕಿಬಾಗಿಲಿನಿಂದ ಹೊರಗೆ ಬರುತ್ತದೆ, ಅಲ್ಲಿ ನಿಂತವನು ಉಳಿಯುವುದಿಲ್ಲ. ನಮ್ಮ ಕಂಬಿ ತೂಕದ ಮನೆಯ ಕಡೆಗೆ ಇಳಿಜಾರಾಗಿತ್ತು, ಎಂಜಿನ್ನಿನ ಮೂತಿಯೂ ಆ ಕಡೆಗೇ. ಇಳಿಯುವಾಗ ಒಳಗಿನ ನೀರು ಮುಂದಕ್ಕೆ ಹರಿಯುತ್ತದೆ. ಹಿಂದೆ ಬೆಂಕಿಯ ಮೇಲಿನ ತಗಡು ಒಣಗುತ್ತದೆ.

“ಇದ್ರೂ ಇರ್ಬೋದು ನೀರು,” ಎಂದರು.

“ಇರ್ಬೋದು.”

“ನಿಂಗ್ ಗೊತ್ತಿಲ್ಲ.”

“ನಂಗ್ ಗೊತ್ತಿಲ್ಲ ಸಾಬ್ರೇ. ಅದ್ಕೇ ಏಳ್ತಾ ಇವ್ನಿ.”

ಅವರು ಹಬೆಯ ಹಿಡಿಕೆಯ ಮೇಲೆ ಕೈ ಇಟ್ಟೇ ಇದ್ದರು. ಡ್ರೈವರು ಒಮ್ಮೆ ಅವರ ಮುಖ ನೋಡುವನು, ಒಮ್ಮೆ ನನ್ನ ಮುಖ. ಕೊನೆಗೆ ಅವರು ಕೈ ತೆಗೆದು, “ಹಸಿ ಬೂದಿ ತತ್ತಾ,” ಎಂದರು ಅವನಿಗೆ. “ಓಡು. ಎಷ್ಟ್ ಸಿಕ್ತದೋ ಅಷ್ಟು.”

ಬೆಂಕಿಯನ್ನು ಕೆದಕಿ ಎಳೆದರೆ ಮೊದಲು ಇನ್ನಷ್ಟು ಉರಿಯುತ್ತದೆ. ತಣ್ಣೀರು ಬಿಟ್ಟರೆ ಕಾದ ತಗಡಿನ ಗತಿ ಹೇಳಲಾಗದು. ಒದ್ದೆ ಬೂದಿ ಮುಚ್ಚಿ ಉಸಿರು ಕಟ್ಟಿಸುವುದೊಂದೇ ದಾರಿ. ಕಾರ್ಖಾನೆಯ ಬೂದಿಗುಂಡಿ ಹತ್ತಿರವೇ ಇತ್ತು. ಡ್ರೈವರು ಬಾಂಡಲಿಯಲ್ಲಿ ಹೊತ್ತು ತಂದ, ಮೇಸ್ತ್ರಿ ಬೆಂಕಿಬಾಗಿಲ ಮುಂದೆ ನಿಂತು ಸಲಿಕೆಯಲ್ಲಿ ಒಳಕ್ಕೆ ಹಾಕಿದರು. ಆ ಬಾಗಿಲ ಮುಂದೆ. ಬೇರೆ ಜಾಗವೇ ಇರಲಿಲ್ಲ.

ಜನರನ್ನು ದೂರ ಕಳಿಸುವ ಕೆಲಸ ನನ್ನದು. “ಹಿಂದಕ್ ಓಗಿ, ಹಿಂದಕ್ ಓಗಿ!” ಎಂದು ಕೂಗಿದೆ. ಜನ ಎಂಜಿನ್ನು ಹೊರಟಿತೆಂದು ತಿಳಿದು ಮುಂದಕ್ಕೇ ಬಂದರು. ಒಬ್ಬಾಕೆ ಆರತಿ ತಟ್ಟೆ ಹಿಡಿದು ನನ್ನನ್ನೇ ಪಕ್ಕಕ್ಕೆ ಸರಿಸಿದಳು. “ಅಮ್ಮಾ, ಸಿಡೀತದೆ!” ಎಂದ ಮೇಲೆ ತಟ್ಟೆಯನ್ನು ಎದೆಗವುಚಿಕೊಂಡು ಓಡಿದಳು. ಆಗ ಎಲ್ಲರೂ ಓಡಿದರು. ನಾನೂ ಅವರ ಜೊತೆ ಓಡಿ ಇಟ್ಟಿಗೆ ರಾಶಿಯ ಹಿಂದೆ ನಿಂತೆ. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಡ್ರೈವರೂ ಕೊನೆಯ ಬಾಂಡಲಿ ಕೊಟ್ಟು ಬಂದ. ಮೇಸ್ತ್ರಿ ಬರಲಿಲ್ಲ. ಬೆಂಕಿಬಾಗಿಲು ಮುಚ್ಚಿ, ಮೆಟ್ಟಿಲ ಮೇಲೆ ಕೂತು, ಒತ್ತಡದ ಮುಳ್ಳನ್ನೇ ನೋಡುತ್ತಿದ್ದರು.

ಸುರಕ್ಷತೆಯ ವಾಲ್ವು ಮತ್ತೊಮ್ಮೆ ಎದ್ದಿತು. ಆ ಸದ್ದಿಗೆ ರಾಶಿಯ ಹಿಂದಿದ್ದ ಗಂಡಸರೆಲ್ಲ ಕುಕ್ಕರಿಸಿದೆವು. ತಲೆ ಎತ್ತಿದಾಗ ಮೇಸ್ತ್ರಿ ಕೂತಲ್ಲೇ ಇದ್ದರು. ಕೈ ಎತ್ತಿ, ಬೆರಳುಗಳನ್ನು ಕೆಳಕ್ಕೆ ಮಾಡಿ ತೋರಿಸಿದರು. ಮುಳ್ಳು ಇಳಿಯತೊಡಗಿತ್ತು. ಅದು ಪೂರ್ತಿ ಇಳಿಯಲು ಒಂದು ಗಂಟೆಯ ಮೇಲೆ ಹಿಡಿಯಿತು. ಅಷ್ಟರಲ್ಲಿ ಪುರೋಹಿತರು ಟ್ರಾಕ್ಟರುಗಳ ಮುಂದೆ ಕುಂಬಳಕಾಯಿ ಒಡೆದು ಹೋದರು.

ಯಜಮಾನರು ನಡೆದು ಬಂದರು. “ಏನಾಯ್ತು ಮೇಸ್ತ್ರಿ?”

ಡ್ರೈವರು ಮುಂದೆ ಬಂದ. “ಸಾರ್, ನಾನೇ—”

“ನೀನ್ ಸುಮ್ಕಿರ್ಲಾ,” ಎಂದರು ಮೇಸ್ತ್ರಿ. “ಓಡ್ಲಿಲ್ಲ ಸಾರ್. ಬೆಂಕಿ ಹಚ್ಚಿದ್ದು ನಾನು. ಆರಿಸಿದ್ದೂ ನಾನು.”

ಯಜಮಾನರು ನನ್ನ ಕಡೆ ನೋಡಿದರು. ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ರಾಗಿಯ ಮಾತಿಗೆ ನಗಲಿಲ್ಲ. “ಯಾರಿಗೂ ಏನೂ ಆಗ್ಲಿಲ್ವಲ್ಲ, ಸಾಕು. ಆದ್ರೆ ಮಾತು ಮಾತೇ. ಸೋಮವಾರ ಅವರು ಬರ್ತಾರೆ,” ಎಂದು ಜೀಪು ಹತ್ತಿದರು.

ಭಾನುವಾರ ಬಾಯ್ಲರು ಪೂರ್ತಿ ತಣ್ಣಗಾದ ಮೇಲೆ ಮೇಲಿನ ಬಾಯಿ ಬಿಚ್ಚಿ ಬಿದಿರ ಕಡ್ಡಿ ಇಳಿಬಿಟ್ಟೆ. ಬೆಂಕಿಗೂಡಿನ ತಗಡಿನ ಮೇಲೆ ಒಂದು ಬೆರಳಿನಷ್ಟು ನೀರಿತ್ತು. ಎಂಜಿನ್ನು ಸಮತಟ್ಟಾಗಿ ನಿಂತಿದ್ದಾಗ ಒಂದು ಬೆರಳು. ಮೇಸ್ತ್ರಿಗೆ ಕಡ್ಡಿ ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಆ ಹುಡ್ಗಂಗೆ ಹೇಳ್ಬ್ಯಾಡ,” ಎಂದರು. ಡ್ರೈವರಿಗೆ ಆಗ ನಲವತ್ತು ದಾಟಿತ್ತು.

ಸೋಮವಾರ ಗುಜರಿಯವರು ಗ್ಯಾಸಿನ ಸಿಲಿಂಡರು ಸಮೇತ ಬಂದರು. ಮೇಸ್ತ್ರಿ ರಜೆ ಹಾಕಿದ್ದರು. ನಮ್ಮಲ್ಲಿ ಹಬೆಯ ಪಾತ್ರೆ ಯಾವುದಕ್ಕೇ ಗ್ಯಾಸು ಹಿಡಿಯುವ ಮೊದಲು, ಒಳಗೆ ಖಾಲಿಯಿದೆ, ಶುದ್ಧವಾಗಿದೆ ಎಂದು ಬಾಯ್ಲರ್ ಅಟೆಂಡೆಂಟು ಚೀಟಿ ಬರೆದು ಕೊಡಬೇಕಿತ್ತು. ಗುಜರಿಯವನು ಕೈ ಚಾಚಿದ. ನಾನು ಬರೆದೆ: ‘ಬಾಯ್ಲರಿನ ಒಳಗೆ ಬೆಂದ ಹಿಟ್ಟು ಕಟ್ಟಿಕೊಂಡಿದೆ. ತೊಳೆಯದೆ ಗ್ಯಾಸು ಹಿಡಿಯುವಂತಿಲ್ಲ.’

“ಎಷ್ಟ್ ದಿನ ಆಯ್ತದೆ ತೊಳ್ಯಾಕೆ?” ಎಂದು ಅವನು ಕೇಳಿದ.

“ಭಾನುವಾರ ಮಾತ್ರ ಬಿಡುವು,” ಎಂದೆ.

ಅದು ನಿಜವೇ. ಸೀದು ಗಟ್ಟಿಯಾದ ಹಿಟ್ಟು ಕೊಳವೆಗಳ ಸಂದಿಯಿಂದ ಬರುವುದು ಸುಲಭವೂ ಆಗಿರಲಿಲ್ಲ. ಮೊದಲ ಭಾನುವಾರ ಒಂದು ಬಕೆಟ್ಟು ತೆಗೆದೆ. ಎರಡನೆಯ ಭಾನುವಾರ ಅರ್ಧ. ಗುಜರಿಯವನು ಮೂರು ಸೋಮವಾರ ಬಂದ, ಮೂರು ಸಲವೂ ಅದೇ ಚೀಟಿ ಒಯ್ದ. ಅಷ್ಟರಲ್ಲಿ ಕಬ್ಬು ಅರೆಯುವ ಕಾಲ ಶುರುವಾಯಿತು, ಶೆಡ್ಡಿನ ದಾರಿಯ ತುಂಬ ಗಾಡಿಗಳು ನಿಂತವು. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಯಜಮಾನರು ಒಮ್ಮೆ ನನ್ನನ್ನು ಕರೆಸಿ ಚೀಟಿಗಳನ್ನು ಮೇಜಿನ ಮೇಲೆ ಹರಡಿ, “ಇನ್ನೂ ಎಷ್ಟಿದೆ ಒಳಗೆ?” ಎಂದರು. “ಸ್ವಲ್ಪ ಇದೆ ಸಾರ್,” ಎಂದೆ. ಸ್ವಲ್ಪ ಇತ್ತು. ಅವರು ಚೀಟಿಗಳನ್ನು ಒಟ್ಟು ಮಾಡಿ ಡ್ರಾಯರಿನೊಳಗೆ ಹಾಕಿದರು. ಮತ್ತೆ ಕೇಳಲಿಲ್ಲ. ಗೇಟಿನ ಹತ್ತಿರ ಕಟ್ಟೆಯನ್ನೂ ಕಟ್ಟಿಸಲಿಲ್ಲ.

ಮೇಸ್ತ್ರಿ ನಿವೃತ್ತಿಯ ದಿನ ಶೆಡ್ಡಿಗೆ ಹೋಗಿ ಎಂಜಿನ್ನಿಗೆಲ್ಲ ಎಣ್ಣೆ ಒರೆಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಬೆಂಕಿಬಾಗಿಲನ್ನೂ ತೆರೆದು, ಅದರ ಎದುರಿಗೇ ಕೂತು, ಒಳಗಿನ ಅಂಚನ್ನು ಬಟ್ಟೆಯಿಂದ ನಿಧಾನ ಉಜ್ಜಿದರು.

“ಬಾ, ಈ ಕಡೆ ಹಿಡ್ಕೋ,” ಎಂದರು.

ತಣ್ಣಗಿನ ಎಂಜಿನ್ನು. ಒಂದು ಕಿಡಿ ಇರಲಿಲ್ಲ. ಹೋಗಿ ಅವರ ಪಕ್ಕ ಕೂರಲು ನನಗೆ ತುಂಬ ಹೊತ್ತು ಬೇಕಾಯಿತು.